ಇಳಿಯದ ಮುಳ್ಳು

ಮಾರ್ಚ್ ೪, ಮಂಗಳವಾರ

ನೆನಪಿರುವುದನ್ನೆಲ್ಲ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ ಎಂದು ತನಿಖಾಧಿಕಾರಿ ಹೇಳಿ ಹೋಗಿದ್ದಾರೆ. ಅದಕ್ಕೇ ಈ ಪುಸ್ತಕ. ಯಾರಿಗೂ ತೋರಿಸುವುದಕ್ಕಲ್ಲ. ನಾಳೆ ಯಾರಾದರೂ ಕೇಳಿದರೆ ನಾಲಿಗೆ ತಡವರಿಸಬಾರದು, ಅಷ್ಟೆ.

ಆದದ್ದು ಇಷ್ಟು. ಫೆಬ್ರುವರಿ ಇಪ್ಪತ್ತೊಂದು, ಬೆಳಿಗ್ಗೆ ಹತ್ತೂ ಇಪ್ಪತ್ತು. ನಮ್ಮ ಹಾರಾಟ ಶಾಲೆಯ ಹಳದಿ ವಿಮಾನ ಐವತ್ತು ನಿಮಿಷ ಹಾರಿ ಇಳಿಯಲು ಬರುತ್ತಿತ್ತು. ಆರುನೂರು ಅಡಿ ಎತ್ತರದಲ್ಲಿ ಎಂಜಿನ್ ನಿಂತಿತು. ಒಳಗೆ ಇಬ್ಬರು. ಕಲಿಸುತ್ತಿದ್ದವಳು ನನ್ನ ಅಕ್ಕ. ಕಲಿಯುತ್ತಿದ್ದವರು ಹಲ್ಲಿನ ಡಾಕ್ಟರು, ಐವತ್ತೆರಡನೇ ವಯಸ್ಸಿನಲ್ಲಿ ಹಾರುವ ಹುಚ್ಚು ಹತ್ತಿಸಿಕೊಂಡವರು. ರನ್‌ವೇ ತನಕ ಬರಲಾಗದೆ ಅಕ್ಕ ವಿಮಾನವನ್ನು ಬೇಲಿಯಾಚೆಯ ಉತ್ತ ಹೊಲದಲ್ಲಿ ಇಳಿಸಿದಳು. ಮುಂದಿನ ಗಾಲಿ ಮುರಿಯಿತು. ಅಕ್ಕನ ಬೆನ್ನುಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಡಾಕ್ಟರ ಬಲಗೈ ಮಣಿಕಟ್ಟು ಮೂರು ಕಡೆ ಒಡೆದಿದೆ.

ಆ ಎಂಜಿನ್ ಸರಿಯಾಗಿದೆ ಎಂದು ಸಹಿ ಹಾಕಿದ್ದವಳು ನಾನು.

ಸಹಿಗೆ ಮುಂಚೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ. ಜನವರಿಯಲ್ಲಿ ಎಂಟು ಸ್ಪಾರ್ಕ್ ಪ್ಲಗ್ಗೂ ಹೊಸದು ಹಾಕಿದೆ. ಫೆಬ್ರುವರಿ ಮೂರಕ್ಕೆ ಪ್ಲಗ್ಗಿಗೆ ಹೋಗುವ ತಂತಿಗಳ ಕಟ್ಟನ್ನೂ ಪೂರ್ತಿ ಬದಲಾಯಿಸಿದೆ. ಎಲ್ಲಕ್ಕೂ ದಾಖಲೆಯಿದೆ. ಇದನ್ನು ಮೊದಲು ಬರೆಯಬೇಕಿತ್ತು.

ಮಾರ್ಚ್ ೫, ಬುಧವಾರ

ಅಕ್ಕನನ್ನು ಆಸ್ಪತ್ರೆಯಿಂದ ತಂದು ಆರು ದಿನ. ಎದೆಯಿಂದ ಸೊಂಟದವರೆಗೆ ಬಿಗಿದ ಪಟ್ಟಿ; ಅಂಗಾತ ಮಲಗಿಯೇ ಇರಬೇಕು. ಬಾಡಿಗೆಗೆ ತಂದ ಮಂಚ ಒಳಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಹಾಗಾಗಿ ಮುಂದಿನ ಕೋಣೆಯಲ್ಲೇ ಹಾಕಿದ್ದೇವೆ. ಬೀದಿ ಬಾಗಿಲು ಈಗ ಅರ್ಧ ಮಾತ್ರ ತೆರೆಯುತ್ತದೆ. ಹೋಗುವಾಗಲೂ ಬರುವಾಗಲೂ ಹೊಟ್ಟೆ ಒಳಗೆಳೆದುಕೊಂಡು ಅವಳ ಕಾಲ ಬಳಿ ನುಸುಳಬೇಕು. ಅವಳ ಕಣ್ಣು ತಪ್ಪಿಸಿ ಮನೆಯೊಳಗೆ ಬರಲು ದಾರಿಯೇ ಇಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಹನ್ನೊಂದು. ಆಮೇಲೆ ನನ್ನ ತಲೆ ಬಾಚಿದ್ದು, ಶಾಲೆಗೆ ಅಟ್ಟಿದ್ದು, ಕೈಗೆ ಸ್ಪ್ಯಾನರ್ ಕೊಟ್ಟು ಈ ಕೆಲಸಕ್ಕೆ ಸೇರಿಸಿದ್ದು ಎಲ್ಲ ಅವಳೇ. ಈಗ ನಾನು ಅವಳ ಮೈ ಒರೆಸುತ್ತೇನೆ, ಚಮಚದಲ್ಲಿ ಉಣಿಸುತ್ತೇನೆ. ಅವಳು ‘ಸಾಕು’, ‘ನೀರು’, ‘ದಿಂಬು’ ಅನ್ನುತ್ತಾಳೆ. ಬೇರೆ ಮಾತಿಲ್ಲ. ಎಂಜಿನ್ ಯಾಕೆ ನಿಂತಿತು ಅಂತ ಒಂದು ಸಲವೂ ಕೇಳಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ ೭, ಶುಕ್ರವಾರ

ಇಂದು ತನಿಖಾಧಿಕಾರಿ ಬಂದಿದ್ದರು. ಹಳದಿ ವಿಮಾನದಿಂದ ಇಳಿಸಿದ ಎಂಜಿನ್ನನ್ನು ಶೆಡ್ಡಿನ ಹಿಂದಿನ ಪರೀಕ್ಷಾ ಕೋಣೆಯ ಕಟ್ಟೆಗೆ ಬಿಗಿದು ಓಡಿಸಿದೆವು. ಕೋಣೆಯೆಂದರೆ ಮೂರು ಕಡೆ ಸಿಮೆಂಟು ಗೋಡೆ, ಒಂದು ಕಡೆ ತಂತಿ ಬಲೆ. ಇಪ್ಪತ್ತು ನಿಮಿಷ ಓಡಿತು, ಒಂದು ಸಲವೂ ಕೆಮ್ಮಲಿಲ್ಲ.

“ಎಂಜಿನ್ನಿಗೆ ರೋಗ ಇಲ್ಲ,” ಎಂದರು ಅವರು, ಕಿವಿಯ ಮುಚ್ಚಿಗೆ ತೆಗೆಯುತ್ತ. “ಇನ್ನು ನೀವಿದನ್ನ ರಿಪೇರಿಗೆ ತಗೋಬಹುದು. ಏನಾದ್ರೂ ಕಂಡ್ರೆ ತಿಂಗಳ ಕೊನೆಯೊಳಗೆ ನನಗೆ ಬರೀರಿ. ಆಮೇಲೆ ವರದಿ ಮುಗಿಸ್ತೀನಿ.”

ಎರಡು ವಾರದಿಂದ ಊಟದ ರುಚಿ ಗೊತ್ತಾಗಿರಲಿಲ್ಲ. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. “ಎಂಜಿನ್ ಚೆನ್ನಾಗೇ ಓಡ್ತು.”

“ಎಷ್ಟು ಹೊತ್ತು ಓಡಿಸಿದ್ರು?”

“ಇಪ್ಪತ್ತು ನಿಮಿಷ.”

ಮಗ್ಗುಲಾಗಲು ಆಗದ್ದರಿಂದ ಕಣ್ಣನ್ನಷ್ಟೇ ಗೋಡೆಯ ಕಡೆ ತಿರುಗಿಸಿದಳು.

ಎಂಜಿನ್ನಿಗೆ ರೋಗವಿಲ್ಲವೆಂದರೆ ಅದನ್ನು ನಿಲ್ಲಿಸಿದ್ದು ಓಡಿಸುತ್ತಿದ್ದವಳ ಕೈ ಎಂದಾಯಿತು. ಇದು ನನಗೆ ಊಟವಾದ ಮೇಲೆ ಹೊಳೆಯಿತು.

ಮಾರ್ಚ್ ೮, ಶನಿವಾರ

ಶಾಲೆಯ ಯಜಮಾನರು ಕರೆಸಿದ್ದರು. ದನಿ ಎತ್ತುವುದೇ ಇಲ್ಲವಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಮೆಲ್ಲಣ್ಣ ಅನ್ನುತ್ತೇವೆ. ಹತ್ತಿರ ಬಾಗಿದರೆ ಮಾತ್ರ ಅವರ ಮಾತು ಕೇಳುತ್ತದೆ. ಬಾಗಿದವರಿಗೆ ಇಲ್ಲ ಎನ್ನುವುದು ಕಷ್ಟ.

“ವರದಿ ಹೆಂಗೂ ಅಕ್ಕನ ಕಡೆಗೇ ಹೋಗುತ್ತೆ,” ಎಂದರು. “ಗಾಬರಿಲಿ ಏನೋ ತಪ್ಪಾಯ್ತು ಅಂತ ಬರೀತಾರೆ. ಅವರಿಗೂ ವಯಸ್ಸಾಯ್ತು, ಬೆನ್ನು ಬೇರೆ ಹೋಯ್ತು. ನಿಮ್ಮ ಲೈಸೆನ್ಸಾದ್ರೂ ಉಳೀಲಿ. ಒಂದು ಕೈ ಹೋದ್ರೆ ಇನ್ನೊಂದರಲ್ಲಿ ಉಣ್ಣಬಹುದು. ಎರಡನ್ನೂ ಯಾಕೆ ಕಳ್ಕೋತೀರಿ?”

“ನಾನೇನೂ ಹೇಳ್ಲಿಲ್ವಲ್ಲ.”

“ಹೇಳ್ಬೇಡಿ ಅಂತಾನೇ ಕರೆಸಿದ್ದು. ಹುಡುಕ್ತಾ ಹೋದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ. ಎಂಜಿನ್ ಒರೆಸಿ ಪ್ಯಾಕ್ ಮಾಡಿಡಿ, ಸಾಕು.”

ಹೂಂ ಅಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಮ್ಮ ಮನೆಗೆ ಇನ್ನೊಬ್ಬ ದುಡಿಯುವವರಿಲ್ಲ.

ಮಾರ್ಚ್ ೧೧, ಮಂಗಳವಾರ

ಒಂದು ವಿಷಯ ಬರೆದಿರಲಿಲ್ಲ. ಮುಖ್ಯವೇನಲ್ಲ, ಆದರೂ ಇರಲಿ.

ಜನವರಿ, ಫೆಬ್ರುವರಿಯಲ್ಲಿ ಅಕ್ಕ ಮೂರು ಸಲ ದೂರು ಹೇಳಿದ್ದಳು. ಹಳದಿ ವಿಮಾನ ಮುಕ್ಕಾಲು ಗಂಟೆ ಹಾರಿ ಕಾದ ಮೇಲೆ ಒಂದು ಕ್ಷಣ ಉಸಿರು ಹಿಡಿಯುತ್ತದೆ, ಮತ್ತೆ ಸರಿಹೋಗುತ್ತದೆ ಅಂತ. ಮೊದಲ ಸಲ ಪ್ಲಗ್ಗು ಬದಲಾಯಿಸಿದೆ. ಎರಡನೆಯ ಸಲ ತಂತಿಯ ಕಟ್ಟು. ಪ್ರತಿಸಲವೂ ಹತ್ತು ನಿಮಿಷ ಓಡಿಸಿ ನೋಡಿದೆ. ಗಡಿಯಾರದ ಹಾಗೆ ಓಡಿತು. ಮೂರನೆಯ ಸಲ ಅವಳು ಶೆಡ್ಡಿನಲ್ಲಿ ಎಲ್ಲರೆದುರು ಹೇಳಿದಾಗ ನನಗೆ ರೇಗಿತು.

“ಅಕ್ಕಾ, ಪ್ಲಗ್ಗು, ತಂತಿ ಬದಲಾಯಿಸಿದ್ದಾಯ್ತು, ಇನ್ನು ನಿನ್ನ ಕಿವಿ ಬದಲಾಯಿಸ್ಬೇಕು,” ಅಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಾನು ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಕಂಡುಬಂದಿರಲಿಲ್ಲ, ಹಾಗಾಗಿ ಬರೆದೆ. ಇದರಲ್ಲಿ ಸುಳ್ಳೆಲ್ಲಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನೇ ಯಾಕೆ ಇದನ್ನೆಲ್ಲ ಕೆದಕುತ್ತಿದ್ದೇನೋ.

‘ಎಷ್ಟು ಹೊತ್ತು ಓಡಿಸಿದ್ರು?’ ಎಂದು ಕೇಳಿದಳಲ್ಲ, ಅದು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕೂತಿದೆ.

ಮಾರ್ಚ್ ೧೩, ಗುರುವಾರ

ಮೆಲ್ಲಣ್ಣ ಪೇಟೆಗೆ ಹೋಗಿದ್ದರು. ಪ್ಯಾಕ್ ಮಾಡುವ ಮುಂಚೆ ಒಂದು ಸಲ ಎಂದು ಎಂಜಿನ್ನನ್ನು ಮತ್ತೆ ಓಡಿಸಿದೆ. ಈ ಸಲ ಸುತ್ತ ತಗಡು ಕಟ್ಟಿ ಗಾಳಿ ತಡೆದೆ, ವಿಮಾನದ ಮೂತಿಯೊಳಗಿನಷ್ಟೇ ಕಾಯಲಿ ಅಂತ.

ಯಾರಾದರೂ ಕೇಳಿದರೆ ಹೀಗೆ ವಿವರಿಸಬೇಕು: ಈ ಎಂಜಿನ್ನಿಗೆ ಎರಡು ಮ್ಯಾಗ್ನೆಟೊ, ಎಡದ್ದೊಂದು ಬಲದ್ದೊಂದು. ಎರಡು ಮುಷ್ಟಿ ಗಾತ್ರದ ಯಂತ್ರ. ಬ್ಯಾಟರಿಯ ಹಂಗಿಲ್ಲದೆ ತಾನೇ ತಿರುಗಿ ಕಿಡಿ ಹುಟ್ಟಿಸುತ್ತದೆ. ಒಂದು ಸತ್ತರೂ ಇನ್ನೊಂದು ಎಂಜಿನ್ನನ್ನು ನಡೆಸಬೇಕು. ಅದಕ್ಕೇ ಎರಡು ಇಟ್ಟಿರುವುದು.

ಐದೈದು ನಿಮಿಷಕ್ಕೆ ಒಂದೊಂದರ ಮೇಲೇ ಓಡಿಸಿ ನೋಡುತ್ತ ಕೂತೆ. ತಗಡಿನ ಬಿಸಿಗೆ ಕೋಣೆ ಒಲೆಯಾಗಿತ್ತು. ನಲವತ್ತು ನಿಮಿಷದವರೆಗೂ ಏನಿಲ್ಲ. ನಲವತ್ತೇಳನೆಯ ನಿಮಿಷದಲ್ಲಿ ಎಡದ್ದೊಂದರ ಮೇಲೇ ಓಡಿಸಿದೆ. ಎಂಜಿನ್ ಒಂದು ಸಲ ಉಸಿರು ಹಿಡಿಯಿತು. ಮತ್ತೊಂದು ಸಲ. ಆಮೇಲೆ ಸತ್ತೇ ಹೋಯಿತು.

ಆ ಸದ್ದಡಗಿದ ಮೇಲೆ ತಂತಿ ಬಲೆಯ ಆಚೆ ಹಕ್ಕಿ ಕೂಗುವುದು ಕೇಳಿಸಿತು.

ಅಕ್ಕ ಹೇಳಿದ್ದು ಇದೇ ಸದ್ದು.

ಮಾರ್ಚ್ ೧೪, ಶುಕ್ರವಾರ

ಎಡದ ಮ್ಯಾಗ್ನೆಟೊ ಬಿಚ್ಚಿ ಅದರ ಕಾಯಿಲ್ ತೆಗೆದೆ. ಕಿಡಿ ಹುಟ್ಟುವುದೇ ಈ ಕಾಯಿಲ್‌ನಲ್ಲಿ. ಕೂದಲಿಗಿಂತ ಸಣ್ಣ ತಂತಿಯ ಸಾವಿರಾರು ಸುತ್ತು. ತಣ್ಣಗಿದ್ದಾಗ ಅಳೆದರೆ ಮೀಟರಿನಲ್ಲಿ ಇರಬೇಕಾದ ಅಂಕಿಯೇ ಬರುತ್ತದೆ. ಕಾಯಿಸಿ ಅಳೆಯಬೇಕು. ಶೆಡ್ಡಿನಲ್ಲಿ ಮೆಲ್ಲಣ್ಣನ ಕಣ್ಣಿದೆ. ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ.

ಕೂದಲು ಒಣಗಿಸುವ ಯಂತ್ರ ಅಕ್ಕನ ಮಂಚದ ಪಕ್ಕದ ಪ್ಲಗ್ಗಿಗೇ ಹಾಕಬೇಕು. ಬೇರೆ ಪ್ಲಗ್ಗು ಕೆಟ್ಟಿದೆ. ನನ್ನ ಎರಡು ಕೈಯೂ ಮೀಟರಿನ ಕಡ್ಡಿ ಹಿಡಿಯಲು ಬೇಕಿತ್ತು. ಅಕ್ಕ ನೋಡುತ್ತಲೇ ಇದ್ದಳು. ಕೊನೆಗೆ ಕೈ ಚಾಚಿದಳು.

“ಕೊಡಿಲ್ಲಿ. ನಾನು ಹಿಡ್ಕೋತೀನಿ.”

ಅವಳು ಮಲಗಿದಲ್ಲಿಂದಲೇ ಬಿಸಿಗಾಳಿ ಬಿಟ್ಟಳು. ನಾನು ಅವಳ ಹೊಟ್ಟೆಯ ಮೇಲಿನ ತಟ್ಟೆಯಲ್ಲಿ ಕಾಯಿಲ್ ಇಟ್ಟು ಕಡ್ಡಿ ಒತ್ತಿ ಹಿಡಿದಿದ್ದೆ. ಐದು ನಿಮಿಷ, ಹತ್ತು ನಿಮಿಷ, ಅಂಕಿ ಅಲ್ಲಾಡಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಅಂಕಿ ಒಮ್ಮೆ ನಡುಗಿತು, ಆಮೇಲೆ ಅಳಿಸಿಹೋಯಿತು. ಒಳಗೆಲ್ಲೋ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡಿದೆ. ಗಾಳಿ ನಿಲ್ಲಿಸಿ ಆರಲು ಬಿಟ್ಟೆವು. ಅಂಕಿ ಏನೂ ಆಗಿಲ್ಲವೆಂಬಂತೆ ವಾಪಸ್ಸು ಬಂತು.

ಅಕ್ಕ ಯಂತ್ರವನ್ನು ಹಾಸಿಗೆಯ ಮೇಲಿಟ್ಟಳು.

“ಮೂರು ಸಲ,” ಎಂದಳು. “ಮೂರು ಸಲ ಹೇಳಿದೆ ಪುಟ್ಟಿ.”

“ಅಕ್ಕಾ—”

“ತಟ್ಟೆ ತೆಗಿ ಮೇಲಿಂದ.”

ಮಾರ್ಚ್ ೧೫, ಶನಿವಾರ

ಊಟ ಮಾಡಿಸಿದೆ. ಬಾಯಿ ತೆರೆದಳು, ನುಂಗಿದಳು. ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೬, ಭಾನುವಾರ

ಹಾಗೇ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ತೋಳು ಒರೆಸುತ್ತಿದ್ದಾಗ ಅಕ್ಕ ಗೋಡೆಗೆ ಹೇಳುವವಳಂತೆ ಹೇಳಿದಳು. “ಅವತ್ತು ಮೇಲೆ ಏನಾಯ್ತು ಅಂತ ನೋಡೋಕೆ ನನಗೆ ಸಿಕ್ಕಿದ್ದು ಹನ್ನೊಂದು ಸೆಕೆಂಡು. ಪೆಟ್ರೋಲ್ ನೋಡಿದೆ. ಗಾಳಿ ನೋಡಿದೆ. ಎಲ್ಲ ಇದೆ, ಎಂಜಿನ್ ಮಾತ್ರ ಇಲ್ಲ. ಪಕ್ಕದಲ್ಲಿ ಡಾಕ್ಟರು ‘ಏನಾದ್ರೂ ಹಿಡ್ಕೊಳ್ಲಾ?’ ಅಂದ್ರು. ಹಲ್ಲು ಕೀಳೋವಾಗ ರೋಗಿ ಕೇಳ್ತಾನಲ್ಲ, ಹಂಗೆ. ಮುಂದಿನ ಹಲಗೆ ಹಿಡ್ಕೊಳ್ಳಿ ಅಂದೆ. ಅದಕ್ಕೇ ಅವರ ಕೈ ಮುರೀತು.”

ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಟವಲು ತಣ್ಣಗಾಗಿತ್ತು, ಮತ್ತೆ ಬಿಸಿನೀರಿನಲ್ಲಿ ಅದ್ದಿ ತಂದೆ.

ಶೆಡ್ಡಿಗೆ ತಡವಾಗಿ ಹೋದೆ.

ಮಾರ್ಚ್ ೧೮, ಮಂಗಳವಾರ

ಲೆಕ್ಕ ತಾಳೆಯಾಗುತ್ತಿಲ್ಲ. ಎಡದ್ದು ಸತ್ತಿತು ಸರಿ. ಬಲದ್ದು ಏನು ಮಾಡುತ್ತಿತ್ತು? ಅದನ್ನೂ ಬಿಚ್ಚಿ ನೋಡಿದೆ, ಕಾಯಿಸಿ ನೋಡಿದೆ. ಕಲ್ಲುಗುಂಡಿನ ಹಾಗಿದೆ. ಹಾಗಿದ್ದರೆ ಎಂಜಿನ್ ನಿಲ್ಲಬಾರದಿತ್ತು.

ಮಧ್ಯಾಹ್ನ ಹೊಳೆಯಿತು. ಕಟ್ಟೆಯ ಮೇಲೆ ನಾವು ಕಟ್ಟೆಯದೇ ಗುಂಡಿಗಳಿಂದ ಎಂಜಿನ್ ಓಡಿಸಿದ್ದೆವು. ವಿಮಾನದೊಳಗಿನ ಕೀ ಬೀಗವನ್ನು ಯಾರೂ ಮುಟ್ಟಿಲ್ಲ. ಆ ಬೀಗದಲ್ಲಿ ಒಂದೊಂದೇ ಮ್ಯಾಗ್ನೆಟೊ ಹಿಡಿಯುವ ಸ್ಥಾನಗಳಿವೆ, ಎರಡೂ ಕೂಡಿ ಹಿಡಿಯುವ ಸ್ಥಾನವೊಂದಿದೆ. ಹಾರುವಾಗ ಕೀ ಅಲ್ಲೇ ಇರಬೇಕು.

ಶೆಡ್ಡಿನ ಮೂಲೆಯಲ್ಲಿ ಮೂತಿ ನೆಲಕ್ಕೂರಿ ನಿಂತ ಹಳದಿ ವಿಮಾನದೊಳಗೆ ಹತ್ತಿದೆ. ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತೆ. ಕೀಯನ್ನು ‘ಎರಡೂ’ ಎನ್ನುವಲ್ಲಿಟ್ಟು ತಂತಿಗಳಿಗೆ ಮೀಟರು ಹಚ್ಚಿದೆ. ಬಲದ ಮ್ಯಾಗ್ನೆಟೊಗೆ ಹೋಗುವ ತಂತಿ ಬಂದ್ ಎಂದು ತೋರಿಸಿತು. ಬೀಗದ ಒಳಗಿನ ತಗಡು ಸವೆದು, ‘ಎರಡೂ’ ಎಂದಾಗ ಒಂದನ್ನೇ ಕೊಡುತ್ತಿದೆ. ‘ಬಲ’ ಎಂದು ತಿರುಗಿಸಿದರೆ ಬಲದ್ದು ಚೆನ್ನಾಗಿಯೇ ಬರುತ್ತದೆ. ಅಂದರೆ ವಿಮಾನ ಎಷ್ಟು ದಿನದಿಂದಲೋ ಒಂದೇ ಕಾಲಿನಲ್ಲಿ ಹಾರುತ್ತಿತ್ತು, ಆ ಕಾಲೂ ಕುಂಟು.

ಅಕ್ಕ ಕೀಯನ್ನು ಒಂದು ಗೆಣ್ಣಷ್ಟು ತಿರುಗಿಸಿದ್ದರೆ ಎಂಜಿನ್ ಮತ್ತೆ ಬರುತ್ತಿತ್ತು.

ಮಾರ್ಚ್ ೧೯, ಬುಧವಾರ

ಇನ್ನೂ ಒಂದಿದೆ.

ಹಾರುವ ಮುಂಚೆ ಪ್ರತಿಸಲ ಒಂದು ಪರೀಕ್ಷೆ ಮಾಡುತ್ತಾರೆ. ಎಂಜಿನ್ ಜೋರಾಗಿ ಓಡುವಾಗ ಕೀಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನೋಡುವುದು. ಎರಡು ಕಿಡಿಯ ಬದಲು ಒಂದಾದಾಗ ಮುಳ್ಳು ಸ್ವಲ್ಪ ಇಳಿಯಬೇಕು. ಜಾಸ್ತಿ ಇಳಿದರೆ ರೋಗ ಎಂದು ಎಲ್ಲರಿಗೂ ಗೊತ್ತು. ಇಳಿಯದೇ ಇದ್ದರೂ ರೋಗವೇ: ಮೊದಲಿಂದಲೂ ಇದ್ದದ್ದು ಒಂದೇ ಕಿಡಿ ಎಂದರ್ಥ. ಇದೂ ಪಾಠದ ಪುಸ್ತಕದಲ್ಲಿದೆ. ಆದರೆ ಇಳಿಯದ ಮುಳ್ಳನ್ನು ನೋಡಿ ಯಾರು ಗಾಬರಿಯಾಗುತ್ತಾರೆ?

ನನ್ನ ಪರೀಕ್ಷೆಯ ಹಾಳೆ ಹುಡುಕಿ ತೆಗೆದೆ. ಜನವರಿ ಇಪ್ಪತ್ತೆಂಟು. ನನ್ನದೇ ಕೈಬರಹ: ‘ಎಡ, ಇಳಿಕೆ ಇಲ್ಲ. ಬಲ, ಇಳಿಕೆ ಇಲ್ಲ.’ ಪಕ್ಕದಲ್ಲಿ ‘ಉತ್ತಮ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಅವತ್ತು ಬೆಳಿಗ್ಗೆ ಅಕ್ಕನೂ ಇದೇ ಮುಳ್ಳನ್ನು ನೋಡಿರಬೇಕು.

ಮಾರ್ಚ್ ೨೦, ಗುರುವಾರ

ಯೋಚಿಸಿ ಯೋಚಿಸಿ ತಲೆ ಗಿರ್ರೆಂದಿತು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಏನೂ ಬರೆಯದಿದ್ದರೆ ಎಲ್ಲವೂ ಅಕ್ಕನ ತಲೆಗೆ. ಎಲ್ಲ ಬರೆದರೆ ನನಗೂ ಏಟು, ಅವಳಿಗೂ ಏಟು. ಕಾಯಿಲ್ ಒಂದನ್ನೇ ಬರೆದರೆ? ಎರಡೂ ಮ್ಯಾಗ್ನೆಟೊ ನನ್ನ ಕೈಕೆಳಗೆ ಕೆಟ್ಟವು ಎಂದುಬಿಟ್ಟರೆ? ಆಗ ನಾನೊಬ್ಬಳೇ.

ಹಾಗೇ ಮಾಡುವುದೆಂದು ತೀರ್ಮಾನಿಸಿದ್ದೇನೆ. ಯಾಕೋ ಹಗುರವಾಗಿಲ್ಲ.

ಮಾರ್ಚ್ ೨೧, ಶುಕ್ರವಾರ

ಸಂಜೆ ಅಕ್ಕನಿಗೆ ತಲೆ ಬಾಚುತ್ತಿದ್ದೆ. ಅವಳೇ ಕೇಳಿದಳು.

“ಎಡದ್ದು ಸತ್ತಿತು. ಬಲದ್ದಕ್ಕೇನಾಗಿತ್ತು?”

“ಅದೂ ಕೆಟ್ಟಿತ್ತು.”

“ಏನು ಕೆಟ್ಟಿತ್ತು?”

“ಅದೇ... ಒಳಗೆ.”

“ಪುಟ್ಟಿ, ನೀನು ಏಳು ವರ್ಷದವಳಿದ್ದಾಗ ಕೂಡ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಕೀ ನೋಡಿದ್ಯಾ?”

ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು. ಹೇಳಿದೆ. ಬೀಗ, ಸವೆದ ತಗಡು, ನನ್ನ ಜನವರಿಯ ಹಾಳೆ, ನಾನು ಎಳೆದ ಗೆರೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

“ಅವತ್ತು ಮುಳ್ಳು ಇಳೀಲಿಲ್ಲ,” ಎಂದಳು. “ಒಂದು ಕೂದಲಷ್ಟೂ ಇಳೀಲಿಲ್ಲ. ಡಾಕ್ಟರಿಗೆ ತೋರಿಸಿದೆ. ‘ನೋಡಿ, ನಮ್ಮ ಪುಟ್ಟಿ ಹೇಗಿಟ್ಟಿದಾಳೆ ಎಂಜಿನ್ನ’ ಅಂದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೀನಿ ಕಣೇ, ಇಳೀದಿದ್ರೆ ಹಾರಬೇಡಿ ಅಂತ.”

ಅವಳ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅಂಗಾತ ಮಲಗಿದವರು ಅತ್ತರೆ ಹಾಗೇ ಆಗುತ್ತದೆ. ಸೆರಗಿನಿಂದ ಒರೆಸಿದೆ.

“ಕೀ ವಿಷಯ ಬರೆಯಲ್ಲ ಅಕ್ಕ. ಕಾಯಿಲ್ ಮಾತ್ರ ಬರೀತೀನಿ. ನಿನ್ನ ಹೆಸರು ಎಲ್ಲೂ ಬರಲ್ಲ.”

“ನನ್ನ ಪಾರು ಮಾಡೋಕೆ ನೀನ್ಯಾರೇ?” ದನಿ ಎಷ್ಟು ಜೋರಾಗಿತ್ತೆಂದರೆ ಬೆನ್ನು ನೊಂದು ಹಲ್ಲು ಕಚ್ಚಿದಳು. “ಬಿಳಿ ವಿಮಾನದಲ್ಲಿರೋದೂ ಅದೇ ಬೀಗ ಅಲ್ವಾ? ಅದೇ ವರ್ಷದ್ದು?”

ನಮ್ಮ ಶಾಲೆಯ ಇನ್ನೊಂದು ವಿಮಾನ, ಆ ಬಿಳಿಯದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅದು ಹಾರುವುದಿದೆ.

ಮಾರ್ಚ್ ೨೨, ಶನಿವಾರ

ಎಂಟೂವರೆಗೆ ಶೆಡ್ಡಿಗೆ ಓಡಿದೆ. ಬಿಳಿ ವಿಮಾನ ಆಗಲೇ ಹೊರಗಿತ್ತು. ಹೊಸ ಶಿಕ್ಷಕ ಒಬ್ಬ ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು ಎಂಜಿನ್ ಶುರು ಮಾಡಿದ್ದ. ರೆಕ್ಕೆಯ ಹಿಂದಿನಿಂದ ಹೋಗಿ ಬಾಗಿಲು ಬಡಿದೆ.

“ಮುಳ್ಳು ನೋಡಿ!” ಎಂದು ಕೂಗಿದೆ. “ಎಡ, ಬಲ ಮಾಡಿ, ಮುಳ್ಳು ನೋಡಿ!”

ಅವನು ತಲೆಯಾಡಿಸಿ ಎಂಜಿನ್ ಜೋರು ಮಾಡಿದ. ಕೀ ತಿರುಗಿಸಿದ, ವಾಪಸ್ಸು ತಂದ, ಮತ್ತೆ ತಿರುಗಿಸಿದ. ಆಮೇಲೆ ನನ್ನ ಕಡೆ ನೋಡಿ ನಗುತ್ತ ಹೆಬ್ಬೆರಳೆತ್ತಿದ.

“ಒಂಚೂರೂ ಇಳೀಲಿಲ್ಲ! ಫಸ್ಟ್ ಕ್ಲಾಸ್! ಸುಮ್ನೆ ಹೆದರಿಸ್ತೀರಲ್ಲ!”

ನಾನು ಬಾಗಿಲು ಎಳೆದು ಅವನ ಮೈಮೇಲಿಂದ ಕೈ ಚಾಚಿ ಕೀ ತಿರುಗಿಸಿ ಕಿತ್ತುಕೊಂಡೆ. ಎಂಜಿನ್ ನಿಂತಿತು. ಆ ವಿದ್ಯಾರ್ಥಿನಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು.

ಮೆಲ್ಲಣ್ಣ ನಡೆದು ಬಂದರು. ಅವರು ಓಡುವುದೂ ಇಲ್ಲ. “ಕೀ ಕೊಡಿ,” ಎಂದರು.

“ಕೊಡಲ್ಲ.”

“ಏನಂದ್ರಿ?” ಕೇಳಿಸಲಿಲ್ಲವೆಂಬಂತೆ ಅವರು ನನ್ನ ಕಡೆ ಬಾಗಿದರು.

“ಈ ಬೀಗ ಬದಲಾಯಿಸೋ ತನಕ ಇದು ಹಾರಲ್ಲ. ಇವತ್ತೇ ತನಿಖಾಧಿಕಾರಿಗೆ ಬರೀತೀನಿ. ಎಲ್ಲಾನೂ ಬರೀತೀನಿ.”

“ಎಲ್ಲಾ ಅಂದ್ರೆ ನಿಮ್ಮನ್ನೂ ಸೇರಿಸಿ, ಗೊತ್ತಲ್ಲ?”

“ಗೊತ್ತು.”

ಕೀ ಬಿಗಿಹಿಡಿದು ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು. ಮನೆಗೆ ಬಂದು ಅಕ್ಕ ಹೇಳುತ್ತ ಹೋದದ್ದನ್ನು ನಾನು ಬರೆದೆ, ನನ್ನದನ್ನು ಬರೆಯುವಾಗ ಅವಳು ತಿದ್ದಿದಳು. ‘ದೂರು ಮೂರು ಸಲ ಬಂದಿತ್ತು, ನಾನು ತಮಾಷೆ ಮಾಡಿದೆ’ ಎನ್ನುವ ಸಾಲು ಬೇಡ ಎಂದಳು. ಇರಲಿ ಎಂದೆ. ಐದು ಪುಟ. ಅಂಚೆಗೆ ಹಾಕಿ ಬಂದಾಗ ಮಧ್ಯಾಹ್ನ ಎರಡು ಗಂಟೆ.

ಮಾರ್ಚ್ ೨೭, ಗುರುವಾರ

ತನಿಖಾಧಿಕಾರಿ ಶೆಡ್ಡಿಗೆ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅವರೆದುರೇ ಎಡದ ಮ್ಯಾಗ್ನೆಟೊಗೆ ಹೊಸ ಕಾಯಿಲ್ ಕೂರಿಸಿದೆ, ಕಿಡಿಗಾಗಿ ಮುಚ್ಚಿ ತೆರೆಯುವ ಸವೆದ ಪಾಯಿಂಟುಗಳನ್ನೂ ಬದಲಾಯಿಸಿದೆ. ಒಳಗಿನ ಹಲ್ಲುಚಕ್ರದ ಬಣ್ಣದ ಗುರುತನ್ನು ಕಿಂಡಿಗೆ ಸರಿಹೊಂದಿಸಿ ಎಂಜಿನ್ನಿಗೆ ಜೋಡಿಸಿದೆ. ಆಮೇಲೆ ಮ್ಯಾಗ್ನೆಟೊವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಕಿಡಿ ಹೊತ್ತುವ ಗಳಿಗೆಗೆ ಸರಿಯಾಗಿ ಪರೀಕ್ಷೆಯ ದೀಪ ಬದಲಾಗುವಲ್ಲಿ ನಿಲ್ಲಿಸಿ ನಟ್ಟು ಬಿಗಿದೆ. ಮೂರು ಗಂಟೆಯ ಕೆಲಸ.

ಹಳದಿ, ಬಿಳಿ ಎರಡರ ಬೀಗಗಳನ್ನೂ ಬಿಚ್ಚಿ ಅವರ ಕೈಗೆ ಕೊಟ್ಟೆ. ಎರಡೂ ಒಂದೇ ಕಡೆ ಸವೆದಿದ್ದವು.

“ಇದನ್ನ ನೀವು ಹೇಳದೇ ಇದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ,” ಎಂದರು ಅವರು. “ಯಾಕೆ ಹೇಳಿದ್ರಿ?”

“ನಟ್ಟು ಇನ್ನೊಂದು ಸಲ ನೋಡ್ಬೇಕು, ಸ್ವಲ್ಪ ಸರೀತೀರಾ?” ಅಂದೆ.

ಏಪ್ರಿಲ್ ೪, ಶುಕ್ರವಾರ

ಆದೇಶ ಬಂತು. ಒಂದು ವರ್ಷ ನಾನು ಯಾವ ವಿಮಾನಕ್ಕೂ ಸಹಿ ಹಾಕುವಂತಿಲ್ಲ. ಅಕ್ಕ ಬೆನ್ನು ವಾಸಿಯಾದ ಮೇಲೆ ಲೈಸೆನ್ಸಿನ ಪರೀಕ್ಷೆಯನ್ನು ಮೊದಲಿಂದ ಕೊಡಬೇಕು. ಈ ಬಗೆಯ ಬೀಗವಿರುವ ಎಲ್ಲ ವಿಮಾನಗಳನ್ನೂ ಪರೀಕ್ಷಿಸಬೇಕೆಂದು ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಗಿದೆ. ಮೆಲ್ಲಣ್ಣ ನನಗೆ ಸೋಮವಾರದಿಂದ ಬರುವುದು ಬೇಡ ಎಂದರು. ಎಷ್ಟು ಮೆಲ್ಲಗೆ ಹೇಳಿದರೆಂದರೆ ಎರಡು ಸಲ ಕೇಳಬೇಕಾಯಿತು.

ಇನ್ನು ಮೇಲೆ ನಾವಿಬ್ಬರೂ ಇಡೀ ದಿನ ಇದೇ ಎರಡು ಕೋಣೆಯಲ್ಲಿ. ಬಾಗಿಲು ಈಗಲೂ ಅರ್ಧವೇ ತೆರೆಯುತ್ತದೆ. ಮುಂದೆ ಏನು ಎನ್ನುವುದನ್ನು ಇಬ್ಬರೂ ಎತ್ತುವುದಿಲ್ಲ. ಅಕ್ಕ ಹಳೆಯ ಪಾಠದ ಪುಸ್ತಕ ತರಿಸಿಕೊಂಡಿದ್ದಾಳೆ. ನಾನು ಪ್ರಶ್ನೆ ಕೇಳುತ್ತೇನೆ, ಅವಳು ಸೂರು ನೋಡುತ್ತ ಉತ್ತರ ಹೇಳುತ್ತಾಳೆ. ತಪ್ಪಿದಾಗ ನನ್ನನ್ನೇ ಬೈಯುತ್ತಾಳೆ.

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರ ದವಾಖಾನೆ ಇರುವುದು ಪಕ್ಕದ ಬೀದಿಯಲ್ಲೇ, ಔಷಧಿ ಅಂಗಡಿಯ ಮೇಲಿನ ಮಹಡಿ. ರೋಗಿಗಳಿರಲಿಲ್ಲ. ಡಾಕ್ಟರು ರೋಗಿ ಕೂರುವ ಕುರ್ಚಿಯಲ್ಲೇ ಒರಗಿ ಕೂತು ಬಲಗೈಯಿಂದ ಮೆತ್ತನೆಯ ಚೆಂಡೊಂದನ್ನು ಹಿಚುಕುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ.

“ನಾನು ಅವರ ತಂಗಿ,” ಅಂದೆ. “ಆ ಎಂಜಿನ್ ನೋಡ್ಕೋತಿದ್ದವಳು.”

“ಗೊತ್ತು. ಸುತ್ತೋಲೆ ಓದಿದೆ. ಕ್ಷಮೆ ಕೇಳೋಕೆ ಬಂದ್ರಾ?”

“ಏನಾಯ್ತು ಅಂತ ಹೇಳೋಕೆ ಬಂದೆ.”

ಅವರು ಚೆಂಡು ಪಕ್ಕಕ್ಕಿಟ್ಟು ತಮ್ಮ ಸ್ಟೂಲು ತೋರಿಸಿದರು. ನಾನು ಡಾಕ್ಟರ ಜಾಗದಲ್ಲಿ ಕೂತು ಹೇಳತೊಡಗಿದೆ. ಅಕ್ಕನ ಮೂರು ದೂರು, ನನ್ನ ತಮಾಷೆ, ಕಾಯಿಲ್, ಬೀಗ. ಅವರು ನಡುವೆ ನಡುವೆ ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೇ. ಒಂದು ಕಡೆ ನಾನು ತಡವರಿಸಿದಾಗ ಬಾಯಿ ಮುಕ್ಕಳಿಸುವ ನೀರಿನ ಲೋಟ ಎಡಗೈಯಿಂದ ಮುಂದೆ ತಳ್ಳಿದರು.

“ಈ ಕೈಲಿ ಇನ್ನು ಹಲ್ಲು ಕೀಳೋಕಾಗಲ್ಲ ಅಂತಾರೆ,” ಎಂದರು. “ಹಾರಿಸೋಕಾಗುತ್ತಾ?”

“ಕಲಿಯೋರು ಎಡಗಡೆ ತಾನೆ ಕೂರೋದು? ಎಡಗೈಲೇ ವಿಮಾನ ಹಿಡಿಯೋದು. ಬಲಗೈ ಎಂಜಿನ್ ಜೋರು ಮಾಡೋ ಹಿಡಿನ ಹಿಂದೆ ಮುಂದೆ ತಳ್ಳೋದಕ್ಕೆ ಮಾತ್ರ. ಅದಕ್ಕೆ ಬೆರಳು ಬೇಡ. ಅಂಗೈ ಸಾಕು.”

ಅವರು ಗಾಳಿಯಲ್ಲಿ ಬಲಗೈ ಚಾಚಿ ಇಲ್ಲದ ಹಿಡಿಯನ್ನು ಅಂಗೈಯಿಂದ ಮುಂದೆ ತಳ್ಳಿ ನೋಡಿದರು. ಎರಡು ಸಲ.

“ನಿಮ್ಮಕ್ಕ ಪಾಸಾದ ಮೇಲೆ ಹೇಳಿ ಕಳಿಸಿ,” ಎಂದರು. “ಆದ್ರೆ ನೀವು ಸಹಿ ಹಾಕಿದ ವಿಮಾನ ನಾನು ಹತ್ತಲ್ಲ. ಒಂದು ವರ್ಷ ಆದ ಮೇಲೂ ಹತ್ತಲ್ಲ.”

“ಸರಿ,” ಅಂದೆ.

ಮನೆಗೆ ಬಂದಾಗ ಬಾಗಿಲು ಪೂರ್ತಿ ತೆರೆದಿತ್ತು. ಮಂಚ ಗೋಡೆಗೆ ಸರಿದಿತ್ತು. ಅಕ್ಕ ಒಲೆಯ ಮುಂದೆ ಒಂದು ಕೈ ಗೋಡೆಗೆ ಊರಿ ನಿಂತಿದ್ದಳು, ಬೆವರುತ್ತ. ಎದ್ದು ನಾಲ್ಕು ಹೆಜ್ಜೆ ನಡೆಯಬಹುದು ಎಂದು ಆಸ್ಪತ್ರೆಯವರು ನಿನ್ನೆಯಷ್ಟೇ ಹೇಳಿದ್ದರು; ಮಂಚವನ್ನು ಒಬ್ಬಳೇ ತಳ್ಳಿದ್ದಕ್ಕೆ ಬೈಯಬೇಕೆಂದು ಬಾಯಿ ತೆರೆದೆ.

“ಏನಂದ್ರು?” ಎಂದು ಕೇಳಿದಳು.

“ನಾನು ಸಹಿ ಹಾಕಿದ ವಿಮಾನ ಹತ್ತಲ್ವಂತೆ.”

“ಜಾಣರು,” ಎಂದಳು ಅಕ್ಕ. ತಟ್ಟೆಗೆ ಬಡಿಸಿ ಕೊಟ್ಟಳು. ಉಪ್ಪು ಜಾಸ್ತಿಯಾಗಿತ್ತು. ಹಾಗೆಂದು ಹೇಳಿದೆ. “ನನಗೂ ಹಾಗೇ ಅನ್ನಿಸ್ತು,” ಎಂದಳು.